ಮೊದಲು ಜನರ ಮಾತು, ಆಮೇಲೆ ಪೋಸ್ಟರ್: ಲೈಂಗಿಕ ಆರೋಗ್ಯ ಮತ್ತು ಲಸಿಕೆ ಪ್ರಚಾರಕ್ಕೆ ಅಧ್ಯಯನ ಮಾಡುವ ಸಮಗ್ರ ಮಾರ್ಗದರ್ಶಿ

ಲಸಿಕೆ ಇದೆ, ಕ್ಲಿನಿಕ್ ಇದೆ, ಕರಪತ್ರ ಹಂಚಿಯೂ ಆಗಿದೆ. ಆದರೂ ಜನ ಬರುತ್ತಿಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಮತ್ತೆ ಮತ್ತೆ ಹೇಳುವ ತೊಂದರೆ ಇದು. ಒಳಗೆ ಹೋಗಿ ನೋಡಿದರೆ ಬಹುತೇಕ ಕಡೆ ಆಗಿರುವುದು ಒಂದೇ. ಮೊದಲು ಪೋಸ್ಟರ್ ಸಿದ್ಧವಾಗಿದೆ. ಆಮೇಲೆ ಅದನ್ನು ನಾಲ್ಕು ಜನರಿಗೆ ತೋರಿಸಿ, 'ಚೆನ್ನಾಗಿದೆ' ಅನ್ನಿಸಿಕೊಂಡು, ಅದನ್ನೇ ಅಧ್ಯಯನ ಎಂದು ಕರೆದಿದ್ದಾರೆ. ಜನರನ್ನು ತಡೆಯುತ್ತಿರುವುದು ಏನು ಅಂತ ಯಾರೂ ಕೇಳಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿ ಮುಂದೆ ಹೋದರೆ, ಮೂರು ಹಂತ ದಾಟಿದ ಮೇಲೆ ಅದಕ್ಕಾಗಿಯೇ ಹಿಂದೆ ಬರಬೇಕಾಗುತ್ತದೆ.

## ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದವು

ಸಾಮಾನು ಜಾಸ್ತಿ ಬೇಡ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ರೆಕಾರ್ಡರ್, ಸರಳ ಭಾಷೆಯ ಒಪ್ಪಿಗೆ ಪತ್ರ, ಪ್ರಶ್ನೆಗಳ ಪಟ್ಟಿ, ಉತ್ತರಗಳನ್ನು ಜೋಡಿಸಿಡಲು ಒಂದು ಸ್ಪ್ರೆಡ್‌ಶೀಟ್ ಸಾಕು. ಮಾತಾಡಿಸುವವರಲ್ಲಿ ಹೆಂಗಸರೂ ಇರಬೇಕು, ಗಂಡಸರೂ ಇರಬೇಕು. ನೀವು ಯಾರ ಬಗ್ಗೆ ತಿಳಿದುಕೊಳ್ಳಬೇಕೋ ಆ ಸಮುದಾಯದ ಒಬ್ಬರಾದರೂ ತಂಡದಲ್ಲಿರಲಿ.

ಎರಡು ಕಾಗದಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಒಂದು, ನೈತಿಕ ಸಮಿತಿಯ ಅನುಮತಿ (ಅಧ್ಯಯನದಿಂದ ಜನರಿಗೆ ತೊಂದರೆಯಾಗದೇ ಎಂದು ಮೊದಲೇ ಪರಿಶೀಲಿಸುವ ಸಮಿತಿ ಇದು). ಇನ್ನೊಂದು, ನೆರವಿನ ಪಟ್ಟಿ. ಲೈಂಗಿಕ ಆರೋಗ್ಯದ ಬಗ್ಗೆ ಮಾತಾಡುತ್ತಾ ಕೂತಾಗ ಯಾರಾದರೂ ತಮ್ಮ ಮೇಲಾದ ದೌರ್ಜನ್ಯವನ್ನು ಹೇಳಿಕೊಳ್ಳಬಹುದು. ಆ ಹೊತ್ತಿಗೆ ಅವರನ್ನು ಎಲ್ಲಿಗೆ ಕಳಿಸಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ನಿಮ್ಮ ಜೇಬಿನಲ್ಲೇ ಇರಬೇಕು.

## ಹಂತ 1: ಒಂದೇ ಒಂದು ನಡವಳಿಕೆಯನ್ನು ಬರೆದುಕೊಳ್ಳಿ

'ಜಾಗೃತಿ ಮೂಡಿಸುವುದು' ಗುರಿಯಲ್ಲ. ಯಾರು, ಏನನ್ನು, ಎಲ್ಲಿ, ಯಾವಾಗ ಮಾಡಬೇಕು ಎಂದು ಒಂದು ವಾಕ್ಯದಲ್ಲಿ ಬರೆಯಿರಿ. 'ಶಾಲೆಯಿಂದ ಬಂದ ಎಚ್‌ಪಿವಿ ಲಸಿಕೆಯ ಒಪ್ಪಿಗೆ ಪತ್ರಕ್ಕೆ ತಂದೆ ಅಥವಾ ತಾಯಿ ಸಹಿ ಹಾಕಿ ಒಂದು ವಾರದೊಳಗೆ ವಾಪಸ್ ಕಳಿಸಬೇಕು' ಎಂಬುದು ಗುರಿ. (ಎಚ್‌ಪಿವಿ ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ, ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್.)

ಹೀಗೆ ಬರೆದ ಕೂಡಲೇ ನೀವು ಮಾತಾಡಿಸಬೇಕಾದವರು ಯಾರು ಅನ್ನುವುದು ಗೊತ್ತಾಗುತ್ತದೆ. ಸೋಂಕು ತಗಲುವ ಮುಂಚೆ ಹಾಕಿಸಿದರೆ ಎಚ್‌ಪಿವಿ ಲಸಿಕೆ ಅತಿ ಹೆಚ್ಚು ಕೆಲಸ ಮಾಡುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 14 ವರ್ಷದ ಹೆಣ್ಣುಮಕ್ಕಳನ್ನು ಮೊದಲ ಗುರಿಯಾಗಿ ಹೇಳುತ್ತದೆ. ಆ ವಯಸ್ಸಿನಲ್ಲಿ ತೀರ್ಮಾನ ಮಗುವಿನದ್ದಲ್ಲ, ಹೆತ್ತವರದ್ದು. ಲೈಂಗಿಕವಾಗಿ ಹರಡುವ ಸೋಂಕಿನ ಪರೀಕ್ಷೆಯಲ್ಲಿ ಇದು ಪೂರ್ತಿ ಉಲ್ಟಾ. ತೀರ್ಮಾನ ಯುವಕ ಅಥವಾ ಯುವತಿಯದ್ದು, ಆ ವಿಷಯವನ್ನು ಅವರು ಮುಚ್ಚಿಡುವುದೇ ಹೆತ್ತವರಿಂದ. ಎರಡಕ್ಕೂ 'ಯುವಜನ ಮತ್ತು ಕುಟುಂಬ' ಎಂಬ ಒಂದೇ ಪ್ರಚಾರ ಮಾಡಿದರೆ ಎರಡೂ ಕೆಡುತ್ತವೆ.

ಎಚ್ಚರಿಕೆಯ ಗುರುತು: ನಿಮ್ಮ ವಾಕ್ಯದಲ್ಲಿ 'ಮತ್ತು' ಎರಡು ಸಲ ಬಂದರೆ ನಿಮ್ಮ ಹತ್ತಿರ ಇರುವುದು ಮೂರು ಪ್ರಚಾರ.

## ಹಂತ 2: ಈಗಾಗಲೇ ಇರುವ ಲೆಕ್ಕವನ್ನು ಓದಿ

ಹೊಸದಾಗಿ ಯಾರನ್ನಾದರೂ ಕೇಳುವ ಮುಂಚೆ ಕ್ಲಿನಿಕ್‌ನ ರಿಜಿಸ್ಟರ್, ಪ್ರದೇಶವಾರು ಲಸಿಕೆಯ ಅಂಕಿಅಂಶ, ಸಹಾಯವಾಣಿಗೆ ಬಂದ ಪ್ರಶ್ನೆಗಳನ್ನು ನೋಡಿ. ನರ್ಸ್‌ಗಳನ್ನು ಮಾತಾಡಿಸಿ. ಜನ ಬಾಗಿಲವರೆಗೆ ಬಂದು ವಾಪಸ್ ಹೋಗುವುದನ್ನು ದಿನಾ ನೋಡುವವರು ಅವರೇ.

ಮುಖ್ಯವಾಗಿ ಒಂದನ್ನು ಹುಡುಕಿ: ಜನ ಶುರುವೇ ಮಾಡುತ್ತಿಲ್ಲವೋ, ಅಥವಾ ಶುರು ಮಾಡಿ ನಡುವೆ ಬಿಡುತ್ತಿದ್ದಾರೋ? ಮೊದಲ ಡೋಸ್ ಹಾಕಿಸಿಕೊಂಡು ಎರಡನೆಯದಕ್ಕೆ ಬಾರದವರಿಗೆ ಲಸಿಕೆಯ ಮೇಲೆ ಅಪನಂಬಿಕೆ ಇರುವ ಸಾಧ್ಯತೆ ಕಡಿಮೆ. ದಿನ ಮರೆತಿರಬಹುದು, ಸಮಯ ಹೊಂದದಿರಬಹುದು, ಮೊದಲ ಸಲ ಯಾರೋ ಒರಟಾಗಿ ನಡೆದುಕೊಂಡಿರಬಹುದು. ಅವರಿಗೆ ಮತ್ತೆ 'ಲಸಿಕೆ ಯಾಕೆ ಬೇಕು' ಎಂದು ಪಾಠ ಹೇಳುವುದು ಹಣ ಪೋಲು.

## ಹಂತ 3: ಜನರನ್ನು ಅವರು ನಿಂತಿರುವ ಜಾಗದಿಂದ ವಿಂಗಡಿಸಿ

ವಯಸ್ಸು, ಓದು, ಆದಾಯ ಇಷ್ಟರಿಂದಲೇ ವಿಂಗಡಿಸುವುದು ತುಂಬಾ ಸಾಮಾನ್ಯವಾದ ತಪ್ಪು. ಒಂದೇ ವಯಸ್ಸಿನ, ಒಂದೇ ಬೀದಿಯ ಇಬ್ಬರು ತಾಯಂದಿರಲ್ಲಿ ಒಬ್ಬರು ನಾಳೆಯೇ ಹಾಕಿಸಲು ಸಿದ್ಧ ಇರಬಹುದು, ಇನ್ನೊಬ್ಬರು ರಾತ್ರಿಯೆಲ್ಲ ವಿಡಿಯೊ ನೋಡಿ ಹೆದರಿರಬಹುದು. ಹಾಗಾಗಿ ನಾಲ್ಕು ಗುಂಪು ಮಾಡಿ: ಈಗಾಗಲೇ ಮಾಡಿದವರು, ಮನಸ್ಸಿದ್ದೂ ಮಾಡದವರು, ಅನುಮಾನದಲ್ಲಿರುವವರು, ಬೇಡವೇ ಬೇಡ ಎನ್ನುವವರು.

ನಿಮ್ಮ ಹಣ ಮತ್ತು ಶ್ರಮ ಹೋಗಬೇಕಾದದ್ದು ನಡುವಿನ ಎರಡು ಗುಂಪುಗಳಿಗೆ. ಕೊನೆಯ ಗುಂಪು ಚಿಕ್ಕದು, ಆದರೆ ಅದರ ಸದ್ದು ದೊಡ್ಡದು. ಅವರ ಜೊತೆ ವಾದಕ್ಕೆ ಇಳಿದರೆ ಪ್ರಚಾರವೆಲ್ಲ ಅವರಿಗೆ ಉತ್ತರ ಕೊಡುವುದರಲ್ಲೇ ಮುಗಿಯುತ್ತದೆ.

ಡೆನ್ಮಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅಡ್ಡಪರಿಣಾಮದ ಸುದ್ದಿಗಳು ಟಿವಿಯಲ್ಲಿ ಬಂದ ಮೇಲೆ ಅಲ್ಲಿ ಎಚ್‌ಪಿವಿ ಲಸಿಕೆ ಹಾಕಿಸುವವರ ಸಂಖ್ಯೆ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. 2017ರಲ್ಲಿ ಅಲ್ಲಿನ ಆರೋಗ್ಯ ಪ್ರಾಧಿಕಾರ, ಕ್ಯಾನ್ಸರ್ ಸಂಘ ಮತ್ತು ವೈದ್ಯರ ಸಂಘ ಸೇರಿ ಪ್ರಚಾರ ಶುರು ಮಾಡಿದಾಗ ಮುಖ್ಯವಾಗಿ ಹೆಣ್ಣುಮಕ್ಕಳ ತಾಯಂದಿರನ್ನು ಗುರಿಯಾಗಿಟ್ಟುಕೊಂಡರು. ಅನುಮಾನದ ಮಾತು ನಡೆಯುತ್ತಿದ್ದ ಫೇಸ್‌ಬುಕ್‌ನಲ್ಲೇ ಅವರ ಜೊತೆ ಮಾತಾಡಿದರು. ಇಡೀ ದೇಶಕ್ಕೆ ಭಾಷಣ ಮಾಡಲು ಹೋಗಲಿಲ್ಲ.

## ಹಂತ 4: ಏನು ಕೇಳಬೇಕು ಎಂದು ನಾಲ್ಕು ಡಬ್ಬಿಯಲ್ಲಿ ಹಾಕಿ

ಲಸಿಕೆಯ ವಿಷಯದಲ್ಲಿ ಜನರ ನಡವಳಿಕೆಯನ್ನು ಅರಿಯಲು ವಿಶ್ವ ಆರೋಗ್ಯ ಸಂಸ್ಥೆ ನಾಲ್ಕು ಭಾಗಗಳ ಒಂದು ಚೌಕಟ್ಟು ಕೊಟ್ಟಿದೆ. ಜನ ಏನು ಯೋಚಿಸುತ್ತಾರೆ ಮತ್ತು ಅವರಿಗೆ ಏನನ್ನಿಸುತ್ತದೆ; ಸುತ್ತಲಿನವರು ಏನು ಹೇಳುತ್ತಾರೆ; ಹಾಕಿಸಿಕೊಳ್ಳುವ ಮನಸ್ಸಿದೆಯೇ; ಹಾಕಿಸಿಕೊಳ್ಳಲು ಅನುಕೂಲ ಇದೆಯೇ. ಪರೀಕ್ಷೆ, ಕಾಂಡೋಮ್, ಗರ್ಭನಿರೋಧಕದ ಪ್ರಚಾರಕ್ಕೂ ಇದೇ ನಾಲ್ಕು ಡಬ್ಬಿ ಚೆನ್ನಾಗಿ ಒದಗುತ್ತವೆ.

ಪ್ರಶ್ನೆಗಳನ್ನೆಲ್ಲ ಬರೆದ ಮೇಲೆ ಒಂದೊಂದನ್ನೂ ಒಂದು ಡಬ್ಬಿಗೆ ಹಾಕಿ ನೋಡಿ. ಮೊದಲನೆಯದು ತುಂಬಿ ತುಳುಕುತ್ತಿರುತ್ತದೆ, ನಾಲ್ಕನೆಯದು ಖಾಲಿ ಇರುತ್ತದೆ. ಅನುಕೂಲದ ಬಗ್ಗೆ ಕೇಳಲು ನಾವೆಲ್ಲ ಮರೆಯುತ್ತೇವೆ. ಕ್ಲಿನಿಕ್ ಎಷ್ಟು ಗಂಟೆಗೆ ಮುಚ್ಚುತ್ತದೆ, ಎಷ್ಟು ದೂರ, ಜೊತೆಗೆ ಯಾರು ಬರಬೇಕು, ರಜೆ ಹಾಕಿದರೆ ಸಂಬಳ ಹೋಗುತ್ತದೆಯೇ, ಇವನ್ನು ಕೇಳದೆ ಮುಂದೆ ಹೋಗಬೇಡಿ.

## ಹಂತ 5: ಕೂತು ಮಾತಾಡಿ

ಈ ಹಂತಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಇಡಿ. ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ಊಹೆಯ ಮೇಲೆ ನಿಲ್ಲುತ್ತದೆ.

ಗುಂಪಿನಲ್ಲೋ, ಒಬ್ಬೊಬ್ಬರಾಗಿಯೋ? ಸ್ವಂತ ಲೈಂಗಿಕ ಜೀವನದ ಬಗ್ಗೆ ಗುಂಪಿನಲ್ಲಿ ಎಂದೂ ಕೇಳಬೇಡಿ. ಜನ ಸುಳ್ಳು ಹೇಳುತ್ತಾರೆ, ಅಥವಾ ನಿಜ ಹೇಳಿ ಆಮೇಲೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಗುಂಪು ಚರ್ಚೆ ಬೇರೆಯದಕ್ಕೆ ಒಳ್ಳೆಯದು: ಇಲ್ಲಿ ಯಾವುದು ಸರಿ, ಯಾವುದು ನಾಚಿಕೆಗೇಡು ಎನ್ನುತ್ತಾರೆ, ಯಾವ ಮಾತುಗಳನ್ನು ಬಳಸುತ್ತಾರೆ, ಯಾವ ವದಂತಿ ಓಡುತ್ತಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಆರರಿಂದ ಎಂಟು ಜನ ಸಾಕು. ಅತ್ತೆ ಸೊಸೆಯನ್ನು, ಮೇಲಧಿಕಾರಿ ಮತ್ತು ಕೆಲಸದವರನ್ನು ಒಂದೇ ಗುಂಪಿನಲ್ಲಿ ಕೂರಿಸಬೇಡಿ.

ಯಾರನ್ನು ಹುಡುಕಬೇಕು? ಕ್ಲಿನಿಕ್‌ನಲ್ಲಿ ಕಾಯುತ್ತಾ ಕೂತವರನ್ನೇ ಮಾತಾಡಿಸುವುದು ಸುಲಭ. ಆದರೆ ಅವರು ಈಗಾಗಲೇ ಬಂದವರು, ಅಲ್ವಾ? ನಿಮಗೆ ಬೇಕಾದವರು ಬಾರದವರು. ಸಮುದಾಯದ ಸಂಘಟನೆಗಳು, ಕೆಲಸದ ಜಾಗಗಳು, ಒಬ್ಬರ ಮೂಲಕ ಇನ್ನೊಬ್ಬರ ಪರಿಚಯ, ಹೀಗೆ ಅವರನ್ನು ತಲುಪಿ. ಒಂದೇ ತರಹದ ಜನರ ಒಂದು ಗುಂಪಿನಲ್ಲಿ ಸುಮಾರು 12 ಸಂದರ್ಶನಗಳ ಹೊತ್ತಿಗೆ ಮುಖ್ಯ ವಿಷಯಗಳು ಮರುಕಳಿಸಲು ಶುರುವಾಗುತ್ತವೆ. ಹೊಸದೇನೂ ಬಾರದಿದ್ದಾಗ ನಿಲ್ಲಿಸಿ. ಇನ್ನೂ ಹೊಸದು ಬರುತ್ತಿದ್ದರೆ ಮುಂದುವರಿಸಿ.

ಹೇಗೆ ಕೇಳಬೇಕು? 'ಯಾಕೆ ಹಾಕಿಸಲಿಲ್ಲ?' ಎಂದರೆ ಎದುರಿಗಿದ್ದವರು ಕಟಕಟೆಯಲ್ಲಿ ನಿಂತಂತೆ ಸಮರ್ಥನೆಗೆ ಇಳಿಯುತ್ತಾರೆ. ಅದರ ಬದಲು 'ಆ ಪತ್ರ ಮನೆಗೆ ಬಂದ ದಿನ ಏನಾಯಿತು, ಹೇಳಿ' ಎನ್ನಿ. ಪತ್ರವನ್ನು ಯಾರು ಮೊದಲು ಓದಿದರು, ಯಾರ ಹತ್ತಿರ ಕೇಳಿದರು, ಆಮೇಲೆ ಅದನ್ನು ಎಲ್ಲಿಟ್ಟರು, ಎಲ್ಲ ತಾನಾಗಿ ಹೊರಗೆ ಬರುತ್ತದೆ. ಇನ್ನೂ ಸೂಕ್ಷ್ಮವಾದ ವಿಷಯಕ್ಕೆ ಕಲ್ಪಿತ ವ್ಯಕ್ತಿಯೊಬ್ಬರ ಕತೆ ಹೇಳಿ: 'ಇಪ್ಪತ್ತು ವರ್ಷದ ಹುಡುಗಿಯೊಬ್ಬಳಿಗೆ ಪರೀಕ್ಷೆ ಮಾಡಿಸಬೇಕು ಅನ್ನಿಸಿದೆ, ಆದರೆ ಹೋಗಿಲ್ಲ. ಅವಳ ಮನಸ್ಸಿನಲ್ಲಿ ಏನಿರಬಹುದು?' ತಮ್ಮ ಭಯವನ್ನು ಜನ ಅವಳ ಬಾಯಲ್ಲಿ ಹೇಳುತ್ತಾರೆ.

ಅವರು ಬಳಸಿದ ಮಾತನ್ನೇ ಬರೆದುಕೊಳ್ಳಿ, ಅದನ್ನು ವೈದ್ಯಕೀಯ ಪದಕ್ಕೆ ಬದಲಾಯಿಸಬೇಡಿ. ಮಾತು ನಿಂತಾಗ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ. ಸ್ವಲ್ಪ ಹೊತ್ತು ಸುಮ್ನೆ ಇರಿ. ಮುಖ್ಯವಾದ ಮಾತು ಬಹಳ ಸಲ ಆ ಮೌನದ ಆಚೆಗೇ ಇರುತ್ತದೆ.

ತಪ್ಪು ಮಾಹಿತಿ ಹೇಳಿದರೆ? 'ಲಸಿಕೆಯಿಂದ ಬಂಜೆತನ ಬರುತ್ತದಂತೆ' ಎಂದು ಯಾರಾದರೂ ಹೇಳಿದ ಕೂಡಲೇ ತಿದ್ದಲು ಹೋಗಬೇಡಿ. ತಿದ್ದಿದರೆ ಅವರು ಮುಂದೆ ಬಾಯಿ ಬಿಡುವುದಿಲ್ಲ. ಅದನ್ನು ಎಲ್ಲಿ ಕೇಳಿದರು, ಯಾಕೆ ನಿಜ ಅನ್ನಿಸಿತು ಎಂದು ಕೇಳಿ. ಆದರೆ ಹಾಗೆಯೇ ಎದ್ದು ಬರುವುದೂ ತಪ್ಪು. ಮಾತು ಮುಗಿದ ಮೇಲೆ ಸರಿಯಾದ ಮಾಹಿತಿಯನ್ನು ಸಮಾಧಾನದಿಂದ ಹೇಳಿ, ಒಂದು ಚೀಟಿಯನ್ನೂ ಕೊಡಿ.

ಗುಟ್ಟು ಕಾಪಾಡುವುದು. ಹದಿನೆಂಟರೊಳಗಿನವರನ್ನು ಮಾತಾಡಿಸಲು ಸಾಮಾನ್ಯವಾಗಿ ಹೆತ್ತವರ ಅನುಮತಿ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಆದರೆ ಲೈಂಗಿಕ ಆರೋಗ್ಯದ ಅಧ್ಯಯನದಲ್ಲಿ ಹೆತ್ತವರ ಅನುಮತಿ ಕೇಳುವುದೇ ಆ ಹುಡುಗ ಅಥವಾ ಹುಡುಗಿಯ ಗುಟ್ಟನ್ನು ಹೊರಹಾಕಬಹುದು. ಈ ಪ್ರಶ್ನೆಯನ್ನು ನೈತಿಕ ಸಮಿತಿಯ ಮುಂದಿಟ್ಟು ಮೊದಲೇ ಉತ್ತರ ಪಡೆಯಿರಿ. ಸಲಿಂಗ ಸಂಬಂಧ ಅಥವಾ ಲೈಂಗಿಕ ವೃತ್ತಿ ಅಪರಾಧವಾಗಿರುವ ಕಡೆ ಹೆಸರು ಬರೆಯಬೇಡಿ, ಸಹಿ ಕೇಳಬೇಡಿ, ಧ್ವನಿ ಮುದ್ರಿಸಬೇಡಿ. ನಿಮ್ಮ ಟಿಪ್ಪಣಿ ಬೇರೆಯವರ ಕೈಗೆ ಸಿಕ್ಕರೂ ಯಾರಿಗೂ ತೊಂದರೆಯಾಗದಂತೆ ಬರೆದಿರಬೇಕು.

## ಹಂತ 6: ಆಮೇಲೆ ಎಣಿಸಿ

ಮಾತುಕತೆಯಲ್ಲಿ ಏನೇನು ಅಡ್ಡಿ ಇದೆ ಎಂದು ತಿಳಿಯಿತು. ಯಾವುದು ಎಷ್ಟು ಜನರಿಗೆ ಎಂದು ತಿಳಿಯಲು ಸಮೀಕ್ಷೆ ಬೇಕು. ಸಮೀಕ್ಷೆಯನ್ನೇ ಮೊದಲು ಮಾಡಿದರೆ ನಿಮ್ಮ ತಲೆಯಲ್ಲಿದ್ದ ಅಡ್ಡಿಗಳು ಮಾತ್ರ ಆಯ್ಕೆಗಳಾಗಿ ಬರುತ್ತವೆ. ಜನರ ನಿಜವಾದ ಅಡ್ಡಿಗೆ ಟಿಕ್ ಹಾಕಲು ಚೌಕವೇ ಇರುವುದಿಲ್ಲ.

ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಲಿ. 'ಈ ಲಸಿಕೆ ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ನಂಬುತ್ತೀರಾ?' ಎಂಬುದಕ್ಕೆ 'ಇಲ್ಲ' ಎಂದರೆ ಯಾವುದನ್ನು ನಂಬುವುದಿಲ್ಲ? ಸೂಕ್ಷ್ಮ ಪ್ರಶ್ನೆಗಳನ್ನು ಎದುರು ಕೂತು ಕೇಳುವ ಬದಲು ಫೋನ್ ಅಥವಾ ಟ್ಯಾಬ್ಲೆಟ್ ಅವರ ಕೈಗೇ ಕೊಟ್ಟು ತುಂಬಿಸಲು ಹೇಳಿ.

ತೀರಾ ಖಾಸಗಿ ಪ್ರಶ್ನೆಗೆ ನಾಣ್ಯದ ಉಪಾಯ ಇದೆ. ಇದರ ಮೂಲ ವಿಧಾನವನ್ನು ಸ್ಟ್ಯಾನ್ಲಿ ವಾರ್ನರ್ ಎಂಬ ಸಂಶೋಧಕರು 1965ರಲ್ಲಿ ಪ್ರಕಟಿಸಿದರು. ಈಗ ಬಳಸುವ ಒಂದು ಸರಳ ರೂಪ ಹೀಗಿದೆ. ಉತ್ತರಿಸುವವರು ಗುಟ್ಟಾಗಿ ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ ನಿಜ ಏನೇ ಇರಲಿ 'ಹೌದು' ಎನ್ನಬೇಕು, ಟೇಲ್ ಬಿದ್ದರೆ ನಿಜ ಹೇಳಬೇಕು. ಯಾರ 'ಹೌದು' ನಾಣ್ಯದ್ದು, ಯಾರದ್ದು ನಿಜ ಎಂದು ನಿಮಗೆ ಗೊತ್ತಾಗುವುದಿಲ್ಲ. ಆದರೆ 1,000 ಜನರಲ್ಲಿ 600 ಜನ 'ಹೌದು' ಎಂದರೆ, ಸುಮಾರು 500 ನಾಣ್ಯದಿಂದ ಬಂದವು. ಉಳಿದ 500 ಜನರಲ್ಲಿ 100 ಜನ, ಅಂದರೆ ಸುಮಾರು ಶೇ 20ರಷ್ಟು ಜನರ ನಿಜವಾದ ಉತ್ತರ 'ಹೌದು'. ಇದಕ್ಕೆ ದೊಡ್ಡ ಸಂಖ್ಯೆಯ ಜನ ಬೇಕು. ಐವತ್ತು ಜನರ ಮೇಲೆ ಮಾಡಿದರೆ ಲೆಕ್ಕ ಎತ್ತಲೋ ಹೋಗುತ್ತದೆ.

## ಹಂತ 7: ಅಡ್ಡಿಯಿಂದ ಸಂದೇಶಕ್ಕೆ

ಮೊದಲ ಪ್ರಶ್ನೆ: ಈ ಅಡ್ಡಿಗೆ ಸಂದೇಶ ಬೇಕೇ? ಸ್ವಾಗತದ ಮೇಜಿನಲ್ಲಿ 'ಯಾವ ತೊಂದರೆಗೆ ಬಂದಿದ್ದೀರಿ?' ಎಂದು ಎಲ್ಲರಿಗೂ ಕೇಳುವ ಹಾಗೆ ವಿಚಾರಿಸುತ್ತಾರೆ ಅಂತ ಜನ ಬರುತ್ತಿಲ್ಲವಾದರೆ, ಬದಲಾಗಬೇಕಾದದ್ದು ಆ ಮೇಜು. ಪೋಸ್ಟರ್ ಅಲ್ಲ. ಇಂಥ ಅಡ್ಡಿಗಳ ಪಟ್ಟಿಯನ್ನು ಕ್ಲಿನಿಕ್ ನಡೆಸುವವರಿಗೆ ಕೊಟ್ಟು, ಅವು ಸರಿಯಾಗುವ ತನಕ ಪ್ರಚಾರ ತಡೆಹಿಡಿಯುವುದೇ ಒಳ್ಳೆಯದು. ಧೈರ್ಯ ಮಾಡಿ ಬಂದ ಒಬ್ಬರನ್ನು ಅವಮಾನಿಸಿ ಕಳಿಸಿದರೆ ಅವರು ಮತ್ತೆ ಬರುವುದಿಲ್ಲ.

ಸಂದೇಶ ಬೇಕು ಎಂದಾದರೆ ಈ ನಾಲ್ಕು ಗುಂಡಿಗಳನ್ನು ತಪ್ಪಿಸಿ.

*ಸುಳ್ಳನ್ನು ತಿದ್ದಿದರೆ ಸಾಕು ಎಂಬ ನಂಬಿಕೆ.* 2014ರಲ್ಲಿ ಅಮೆರಿಕದ ಹೆತ್ತವರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ದಡಾರ ಲಸಿಕೆಗೂ ಆಟಿಸಂಗೂ ಸಂಬಂಧ ಇಲ್ಲ ಎಂಬ ಮಾಹಿತಿ ಕೊಡಲಾಯಿತು. ತಪ್ಪು ತಿಳುವಳಿಕೆ ಕಡಿಮೆಯಾಯಿತು. ಆದರೆ ಮೊದಲಿನಿಂದಲೂ ಹೆಚ್ಚು ಹಿಂಜರಿಯುತ್ತಿದ್ದವರಲ್ಲಿ ಲಸಿಕೆ ಹಾಕಿಸುವ ಮನಸ್ಸು ಇನ್ನೂ ಇಳಿಯಿತು. ಅವರ ಭಯದ ಬೇರು ಬೇರೆಲ್ಲೋ ಇತ್ತು. ಆ ಬೇರು ಐದನೇ ಹಂತದಲ್ಲಿ ಸಿಗಬೇಕು.

*ಹೆದರಿಸುವುದು.* ಎಚ್‌ಐವಿ ಫಲಿತಾಂಶಕ್ಕೆ ಹೆದರಿ ಪರೀಕ್ಷೆಗೆ ಬಾರದವರಿಗೆ ಸಾವಿನ ಚಿತ್ರ ತೋರಿಸಿದರೆ ಇನ್ನೂ ದೂರ ಹೋಗುತ್ತಾರೆ. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಇದು ಗಟ್ಟಿಯಾಗಿ ಸಾಬೀತಾದ ವಿಷಯ. ಪರೀಕ್ಷೆ ಮಾಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಆದರೂ ಎಷ್ಟೋ ಕರಪತ್ರಗಳಲ್ಲಿ ಈ ಮಾತೇ ಇರುವುದಿಲ್ಲ.

*'ಯಾರೂ ಮಾಡುತ್ತಿಲ್ಲ' ಎಂದು ಗೋಳಾಡುವುದು.* 'ಅರ್ಧದಷ್ಟು ಜನ ಇನ್ನೂ ಲಸಿಕೆ ಹಾಕಿಸಿಲ್ಲ' ಎಂದು ಓದಿದವರಿಗೆ ಹಾಕಿಸದಿರುವುದೇ ಸಾಮಾನ್ಯ ಅನ್ನಿಸುತ್ತದೆ. ಹಾಕಿಸಿದವರನ್ನು ಮುಂದೆ ತನ್ನಿ.

*ಅರ್ಧ ಸತ್ಯ.* ಎಚ್‌ಪಿವಿ 16 ಮತ್ತು 18 ಎಂಬ ಎರಡು ಬಗೆಗಳಿಂದಲೇ ಗರ್ಭಕಂಠದ ಕ್ಯಾನ್ಸರ್‌ನ ಸುಮಾರು ಶೇ 70ರಷ್ಟು ಪ್ರಕರಣಗಳು ಬರುತ್ತವೆ. ಹಾಗಾಗಿ 'ಕ್ಯಾನ್ಸರ್ ತಡೆಯುವ ಲಸಿಕೆ' ಎಂದು ಮುಂದಿಡುವುದು ಸರಿ, ಹೆತ್ತವರಿಗೆ ಬೇಕಾದದ್ದೂ ಅದೇ. ಆದರೆ ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂಬುದನ್ನು ಮುಚ್ಚಿಡಬೇಡಿ. ಅದನ್ನು ಬೇರೆಯವರಿಂದ ಕೇಳಿದ ದಿನ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. 'ಮಕ್ಕಳು ದಾರಿ ತಪ್ಪುತ್ತಾರಾ?' ಎಂದು ಕೇಳಿದರೆ ನೇರ ಉತ್ತರ ಇದೆ: ಲಸಿಕೆ ಪಡೆದವರು ಅದರಿಂದಾಗಿ ಬೇಗ ಲೈಂಗಿಕ ಸಂಪರ್ಕ ಶುರು ಮಾಡುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಮನಸ್ಸಿದ್ದೂ ಮಾಡದವರಿಗೆ ಬೇಕಾದದ್ದು ನೆನಪು ಮತ್ತು ಸುಲಭದ ದಾರಿ. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ರೋಗಿಗಳಿಗೆ 19 ಬಗೆಯ ಮೊಬೈಲ್ ಸಂದೇಶ ಕಳಿಸಿ ನೋಡಿದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಫ್ಲೂ ಲಸಿಕೆಗೆ ಜನರನ್ನು ಹೆಚ್ಚು ಕರೆತಂದವುಗಳಲ್ಲಿ ಮುಂದಿದ್ದದ್ದು 'ನಿಮಗಾಗಿ ಒಂದು ಲಸಿಕೆ ಕಾಯ್ದಿರಿಸಲಾಗಿದೆ' ಎಂಬ ಅರ್ಥದ ಸಾದಾ ಸಂದೇಶ.

## ಹಂತ 8: ಅಚ್ಚಿಗೆ ಕಳಿಸುವ ಮುಂಚೆ ತೋರಿಸಿ

ಎರಡು ಮೂರು ಕರಡು ಮಾಡಿ, ಗುರಿ ಗುಂಪಿನವರಿಗೆ ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ತೋರಿಸಿ. 'ಇಷ್ಟ ಆಯಿತಾ?' ಎಂದು ಕೇಳಬೇಡಿ. ಈ ಪ್ರಶ್ನೆಗಳನ್ನು ಕೇಳಿ:

- ಇದರಲ್ಲಿ ಏನು ಹೇಳಿದ್ದಾರೆ, ನಿಮ್ಮ ಮಾತಿನಲ್ಲಿ ಹೇಳುತ್ತೀರಾ?
- ಇದು ಯಾರಿಗೆ ಹೇಳಿದ ಹಾಗಿದೆ?
- ಇದನ್ನು ಓದಿದ ಮೇಲೆ ಮೊದಲು ಏನು ಮಾಡುತ್ತೀರಿ?
- ಇದನ್ನು ಬಸ್ಸಿನಲ್ಲಿ ಕೈಯಲ್ಲಿ ಹಿಡಿದು ಕೂರುತ್ತೀರಾ? ಮನೆಗೆ ಒಯ್ಯುತ್ತೀರಾ?

ಕೊನೆಯ ಪ್ರಶ್ನೆ ಲೈಂಗಿಕ ಆರೋಗ್ಯಕ್ಕೆ ತುಂಬಾ ಮುಖ್ಯ. ದಪ್ಪ ಅಕ್ಷರದಲ್ಲಿ 'ಗುಹ್ಯರೋಗ' ಎಂದು ಬರೆದ ಕರಪತ್ರವನ್ನು ಯಾರೂ ಜೇಬಿಗೆ ಹಾಕಿಕೊಳ್ಳುವುದಿಲ್ಲ. ಮೊಬೈಲ್ ಸಂದೇಶವನ್ನೂ ಪರೀಕ್ಷಿಸಿ. ಫೋನ್ ಲಾಕ್ ಆಗಿದ್ದಾಗಲೂ ಪರದೆಯ ಮೇಲೆ ಮೊದಲ ಸಾಲು ಕಾಣುತ್ತದೆ. ಆ ಸಾಲಿನಲ್ಲಿ ಕ್ಲಿನಿಕ್‌ನ ಪೂರ್ತಿ ಹೆಸರಿದ್ದರೆ, ಪಕ್ಕದಲ್ಲಿ ಕೂತವರಿಗೆಲ್ಲ ಗೊತ್ತಾಯಿತು ಎಂದೇ ಅರ್ಥ.

ಎಚ್ಚರಿಕೆಯ ಗುರುತು: 'ಬೇರೆಯವರಿಗೆ ಇದು ಒಳ್ಳೆಯದು' ಎಂಬ ಉತ್ತರ ಮತ್ತೆ ಮತ್ತೆ ಬಂದರೆ ಯಾರಿಗೂ ಅದು ತಮ್ಮದು ಅನ್ನಿಸಿಲ್ಲ. 2022ರ ಮಂಕಿಪಾಕ್ಸ್ (ಮೈಮೇಲೆ ಗುಳ್ಳೆ ಏಳುವ ಸೋಂಕು, ಈಗಿನ ಹೆಸರು ಎಂಪಾಕ್ಸ್) ಹರಡುವಿಕೆಯಲ್ಲಿ ಇದರ ಇನ್ನೊಂದು ಮುಖ ಕಂಡಿತು. ಸೋಂಕು ಹೆಚ್ಚಾಗಿ ಗಂಡಸರ ಜೊತೆ ಲೈಂಗಿಕ ಸಂಪರ್ಕ ಇರುವ ಗಂಡಸರಲ್ಲಿತ್ತು. 'ಎಲ್ಲರೂ ಎಚ್ಚರ' ಎಂದರೆ ಅಪಾಯದಲ್ಲಿದ್ದವರಿಗೆ ಅದು ಮುಟ್ಟುವುದಿಲ್ಲ. ಅವರನ್ನಷ್ಟೇ ಎಲ್ಲರೆದುರು ಹೆಸರಿಸಿದರೆ ಕಳಂಕ ಹಚ್ಚಿದಂತಾಗುತ್ತದೆ. ಆ ಸಮುದಾಯದ ಸಂಘಟನೆಗಳೇ ತಮ್ಮ ಜಾಗಗಳಲ್ಲಿ, ತಮ್ಮ ಮಾತಿನಲ್ಲಿ ಹೇಳುವಂತೆ ಮಾಡುವುದು ಇದಕ್ಕೆ ದಾರಿ. ಕರಡನ್ನು ಮೊದಲು ಅವರೇ ತಿದ್ದಲಿ.

## ಹಂತ 9: ಚಿಕ್ಕದಾಗಿ ಶುರು ಮಾಡಿ, ಅಳೆಯಿರಿ, ಕೇಳುತ್ತಲೇ ಇರಿ

ಒಂದು ಪ್ರದೇಶದಲ್ಲಿ ಪ್ರಚಾರ ಶುರು ಮಾಡಿ. ಅಂಥದ್ದೇ ಇನ್ನೊಂದು ಪ್ರದೇಶವನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅಳೆಯಬೇಕಾದದ್ದು ಒಂದನೇ ಹಂತದಲ್ಲಿ ಬರೆದ ನಡವಳಿಕೆ. ಎಷ್ಟು ಜನ ವಿಡಿಯೊ ನೋಡಿದರು, ಎಷ್ಟು ಲೈಕ್ ಬಂತು ಎಂಬುದು ಪ್ರಚಾರ ತಲುಪಿತೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಪ್ರಚಾರಕ್ಕೆ ಮುಂಚಿನ ಸಂಖ್ಯೆ ಕೈಯಲ್ಲಿಲ್ಲದಿದ್ದರೆ ಆಮೇಲಿನ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ವದಂತಿಗಳ ಪುಸ್ತಕ ಒಂದಿರಲಿ. ಯಾವ ವದಂತಿ, ಯಾವ ದಿನ, ಎಲ್ಲಿಂದ ಬಂತು ಎಂದು ಪ್ರತಿ ವಾರ ಬರೆಯಿರಿ. ಕೊಲಂಬಿಯಾದ ಎಲ್ ಕಾರ್ಮೆನ್ ಡಿ ಬೊಲಿವಾರ್ ಎಂಬ ಊರಲ್ಲಿ 2014ರಲ್ಲಿ ಎಚ್‌ಪಿವಿ ಲಸಿಕೆ ಪಡೆದ ಹುಡುಗಿಯರು ಗುಂಪು ಗುಂಪಾಗಿ ತಲೆಸುತ್ತಿ ಬಿದ್ದರು. ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ವಿಡಿಯೊಗಳು ದೇಶವೆಲ್ಲ ಹರಡಿ ಲಸಿಕೆ ಪಡೆಯುವವರ ಪ್ರಮಾಣ ತೀರಾ ಕುಸಿಯಿತು. ಜಪಾನ್‌ನಲ್ಲಿ ಇದೇ ಲಸಿಕೆಯ ಅಡ್ಡಪರಿಣಾಮದ ವರದಿಗಳ ನಂತರ 2013ರಲ್ಲಿ ಸರ್ಕಾರ ಸಕ್ರಿಯ ಶಿಫಾರಸನ್ನು, ಅಂದರೆ ತಾನಾಗಿ ಜನರಿಗೆ 'ಹಾಕಿಸಿ' ಎಂದು ಹೇಳುವುದನ್ನು, ನಿಲ್ಲಿಸಿತು. ಸುಮಾರು ಶೇ 70 ಇದ್ದ ಪ್ರಮಾಣ ಶೇ 1ಕ್ಕಿಂತ ಕೆಳಗೆ ಹೋಯಿತು. ಶಿಫಾರಸು ಮತ್ತೆ ಶುರುವಾದದ್ದು 2022ರಲ್ಲಿ. ಅಷ್ಟು ವರ್ಷಗಳಲ್ಲಿ ಲಸಿಕೆ ಸಿಗದೆ ಬೆಳೆದ ಹುಡುಗಿಯರ ಬಗ್ಗೆ ಯೋಚಿಸಿದರೆ ಸಂಕಟವಾಗುತ್ತದೆ.

ಆದ್ದರಿಂದ ಶಾಲೆಯಲ್ಲಿ ಲಸಿಕೆ ಹಾಕುವ ದಿನಕ್ಕೆ ಮುಂಚೆಯೇ ಮೂರು ವಿಷಯ ತೀರ್ಮಾನವಾಗಿರಲಿ: ಯಾರಾದರೂ ತಲೆಸುತ್ತಿ ಬಿದ್ದರೆ ಹೆತ್ತವರಿಗೆ ಮೊದಲು ಯಾರು ಫೋನ್ ಮಾಡುತ್ತಾರೆ, ಪತ್ರಕರ್ತರ ಜೊತೆ ಯಾರು ಮಾತಾಡುತ್ತಾರೆ, ಮೊದಲ ಹೇಳಿಕೆಯಲ್ಲಿ ಏನಿರುತ್ತದೆ. ಸೂಜಿಯ ಭಯಕ್ಕೆ ತಲೆಸುತ್ತುವುದು ಈ ವಯಸ್ಸಿನಲ್ಲಿ ಆಗುವಂಥದ್ದೇ. ಮಕ್ಕಳನ್ನು ಕೂರಿಸಿ ಲಸಿಕೆ ಹಾಕಿ, 15 ನಿಮಿಷ ಅಲ್ಲೇ ಕೂರಿಸಿಕೊಳ್ಳಿ, ಸಾಲಿನಲ್ಲಿ ನಿಂತವರಿಗೆ ಕಾಣದಂತೆ ಪರದೆ ಕಟ್ಟಿ.

## ಹಂತ 10: ಮಾತಾಡಿದವರಿಗೆ ಲೆಕ್ಕ ಒಪ್ಪಿಸಿ

ಸಂದರ್ಶನ ಕೊಟ್ಟವರ ಬಳಿಗೆ, ಅವರನ್ನು ಪರಿಚಯಿಸಿದ ಸಂಘಟನೆಗಳ ಬಳಿಗೆ ವಾಪಸ್ ಹೋಗಿ. ಏನು ತಿಳಿಯಿತು, ಅದರಿಂದ ಏನು ಬದಲಾಯಿತು, ಯಾವುದು ಇನ್ನೂ ಆಗಿಲ್ಲ ಎಂದು ಒಂದು ಪುಟದಲ್ಲಿ ಬರೆದು ಕೊಡಿ, ಬಾಯಲ್ಲೂ ಹೇಳಿ. ಅವರೇನಾದರೂ 'ನಾವು ಹೇಳಿದ್ದು ಹಾಗಲ್ಲ' ಎಂದರೆ ಆ ಭಾಗವನ್ನು ತಿದ್ದಿ. ಒಪ್ಪಿಗೆ ಪತ್ರದಲ್ಲಿ ಮಾತು ಕೊಟ್ಟ ದಿನಾಂಕಕ್ಕೆ ಧ್ವನಿಮುದ್ರಣಗಳನ್ನು ಅಳಿಸಿ, ಅಳಿಸಿದ್ದೇವೆ ಎಂದು ಅವರಿಗೆ ತಿಳಿಸಿ.